ಬೇಸಿಗೆಯ ಗಾಡಿ ಓಟಕ್ಕೆ ಎತ್ತು ಹೊರಡಿಸುವಾಗ

ಸಂಕ್ರಾಂತಿ ಮುಗಿದರೆ ಸಾಕು, ಹಾಸನ, ಚಿಕ್ಕಮಗಳೂರು ಕಡೆ ಜಾತ್ರೆಯ ಜೊತೆಗೇ ಜೋಡೆತ್ತಿನ ಗಾಡಿ ಓಟವೂ ಶುರು. ಕರೆದಲ್ಲೆಲ್ಲ ಒಪ್ಪಿಕೊಳ್ಳಬೇಡಿ. ಹಳ್ಳಿಕಾರ್ ತಳಿಯ ಜೋಡಿಗೂ ನಡುವೆ ಬಿಡುವು ಬೇಕು, ಅಲ್ವಾ?

ಹೊರಡುವ ಮೊದಲು ಲಾಳ ನೋಡಿ. ಸಡಿಲ ಇದ್ದರೆ ಆವತ್ತಿನ ಓಟದ ಆಸೆ ಬಿಡಿ. ಕಾಲುಬಾಯಿ ಜ್ವರದ ಲಸಿಕೆ ಮೊದಲೇ ಹಾಕಿಸಿರಿ. ಪಿಕಪ್‌ನಲ್ಲಿ ಹುಲ್ಲು ದಪ್ಪಗೆ ಹಾಸಿ ಬೆಳಗಿನ ಜಾವವೇ ಹತ್ತಿಸಿ, ಬಿಸಿಲೇರಿತು ಅಂದರೆ ತಗಡು ಕಾದು ಎತ್ತು ನಿಂತಲ್ಲೇ ಸುಸ್ತಾಗುತ್ತದೆ. ಬಕೆಟ್ ಮನೆಯದ್ದೇ ಇರಲಿ. ನಮ್ಮ ಬಲಗಡೆ ಎತ್ತು ಬೇರೆ ಬಕೆಟ್ ಕಂಡರೆ ಮೂಸಿ, ಉಸ್ ಅಂತ ಮೂಗಿನಲ್ಲೇ ನೀರು ಚಿಮ್ಮಿಸಿ, ಮುಖ ತಿರುಗಿಸುತ್ತದೆ. ಹುರುಳಿ ಓಟಕ್ಕೆ ಮುಂಚೆ ಬೇಡ, ಸಂಜೆ ಕೊಡಿ.

ಹುಡುಗಿ ಹಗ್ಗ ಹಿಡಿದಿದ್ದಾಳೆ ಅಂದರೆ ಸೆಲ್ಫಿಗೆ ಬರುವವರು ಜಾಸ್ತಿ. ನಗುತ್ತಾ ನಿಲ್ಲಿ, ಆದರೆ ಎತ್ತಿನ ಹಿಂದೆ ಯಾರನ್ನೂ ಬಿಡಬೇಡಿ. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ನಮ್ಮ ರಾಜ್ಯ ತಂದ 2017ರ ತಿದ್ದುಪಡಿ ಓಟಕ್ಕೆ ದಾರಿ ಮಾಡಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಹಾಗಂತ ಮೊಳೆ ಹೊಡೆದ ಕೋಲು ತರುವವರ ಪಕ್ಕ ಸುಮ್ನೆ ನಿಲ್ಲಬೇಡಿ.

ಮನೆಗೆ ಬಂದಕೂಡಲೇ ಕಾಲು ತೊಳೆಯಿರಿ. ನಿಮ್ಮದಲ್ಲ, ಎತ್ತಿನದ್ದು.