ನನ್ನ ಎಂಎಂ540 ಜೀಪಿಗೆ ಡಿಐ ಟರ್ಬೊ ಇಂಜಿನ್: ನನ್ನ ಅನುಭವ

ಹಳೆಯ ಮಹೀಂದ್ರಾ ಎಂಎಂ540 ಜೀಪಿಗೆ ಬೇರೆ ಇಂಜಿನ್ ಹಾಕಿಸ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಎಚ್‌ಪಿ?’ 63 ಅಂದೆ. ಹಳೆಯದು ಎಷ್ಟಿತ್ತು? 62. ಒಂದು ಎಚ್‌ಪಿಗೋಸ್ಕರ ಇಷ್ಟು ಖರ್ಚಾ ಅಂತ ಅವರಿಗೆ ಆಶ್ಚರ್ಯ. ಆದರೆ ಎಚ್‌ಪಿ ಮಾತ್ರ ನೋಡಿದರೆ ಜೀಪಿನ ವಿಷಯದಲ್ಲಿ ಅರ್ಧ ಲೆಕ್ಕ ಬಿಟ್ಟ ಹಾಗೆ.

ಎಂಎಂ540ಯಲ್ಲಿ ಇದ್ದದ್ದು ಪ್ಯೂಜೊ ಲೈಸೆನ್ಸಿನಲ್ಲಿ ಮಹೀಂದ್ರಾವೇ ತಯಾರಿಸುತ್ತಿದ್ದ ಪ್ಯೂಜೊ ಡೀಸೆಲ್ ಇಂಜಿನ್, 2112 ಸಿಸಿ. ಅದರ 62 ಎಚ್‌ಪಿ ಸಿಗುವುದು 4500 ಆರ್‌ಪಿಎಂ ಹತ್ತಿರ. ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ, ಸುಮಾರು 12 ಕೆಜಿ-ಮೀಟರ್. ನಾನು ಹಾಕಿಸಿದ್ದು ಮಹೀಂದ್ರಾದ್ದೇ ಎಂಡಿಐ 3200 ಟರ್ಬೊ (ಡಿಐ ಅಂದರೆ ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್), 2523 ಸಿಸಿ, ಹಳೆಯ ಬೊಲೆರೊದಲ್ಲಿ ಬರುತ್ತಿದ್ದದ್ದು. ಇದು 3200 ಆರ್‌ಪಿಎಂಗೇ ತನ್ನ 63 ಎಚ್‌ಪಿ ಕೊಡುತ್ತದೆ. ಟಾರ್ಕ್ 18 ಕೆಜಿ-ಮೀಟರ್ ಆಸುಪಾಸು, ಅದೂ 1500 ಆರ್‌ಪಿಎಂ ಹತ್ತಿರವೇ. ಅಂದರೆ ಎಳೆಯುವ ಶಕ್ತಿ ಒಂದೂವರೆ ಪಟ್ಟು, ಇಂಜಿನ್ ಇನ್ನೂ ನಿಧಾನಕ್ಕೆ ತಿರುಗುತ್ತಿರುವಾಗಲೇ.

ನಮ್ಮ ಹೊಲ ಇರುವುದು ನವಲಗುಂದದ ಕಡೆ. ಪೂರ್ತಿ ಎರೆ ಭೂಮಿ. ಮಳೆ ಬಿದ್ದರೆ ಮಣ್ಣು ಟೈರಿಗೆ ಮೆತ್ತಿಕೊಂಡು ಗಾಲಿ ದಪ್ಪ ಆಗುತ್ತಾ ಹೋಗುತ್ತದೆ. ಅಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದರೆ ಗಾಲಿ ಸುಮ್ನೆ ತಿರುಗಿ ಗುಂಡಿ ತೋಡುತ್ತದೆ, ಗಾಡಿ ಕೂತುಬಿಡುತ್ತದೆ. ಬೇಕಾದದ್ದು ಕಡಿಮೆ ಆರ್‌ಪಿಎಂನಲ್ಲಿ ಬಿಡದೆ ಎಳೆಯುವ ಇಂಜಿನ್. ಹಳೆಯ ಪ್ಯೂಜೊ ಒಳ್ಳೆಯ ಇಂಜಿನ್ನೇ, ನಯವಾಗಿ ಓಡುತ್ತಿತ್ತು. ಆದರೆ ಎರೆಮಣ್ಣಿನಲ್ಲಿ ಅದನ್ನು ಪ್ರತಿ ಸಲ ಕೂಗಿಸಬೇಕಿತ್ತು.

ಹಳೆಯ ಥಾರ್‌ನ ಸಿಆರ್‌ಡಿಇ ಇಂಜಿನ್ (ಕಂಪ್ಯೂಟರ್ ನಿಯಂತ್ರಣದ ಕಾಮನ್ ರೇಲ್ ಡೀಸೆಲ್) ಹಾಕಿಸು ಅಂದವರೂ ಇದ್ದರು. 105 ಎಚ್‌ಪಿ, 247 ಎನ್‌ಎಂ, ಅಂದರೆ ಸುಮಾರು 25 ಕೆಜಿ-ಮೀಟರ್ ಟಾರ್ಕ್. ಕೇಳಲಿಕ್ಕೆ ಚಂದ. ಆದರೆ ಅದರ ಜೊತೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸಾರ್‌ಗಳು, ಆ ಇಡೀ ವೈರಿಂಗ್ ಬರಬೇಕು. ನಾಲ್ಕು ಗೇರಿನ ಹಳೆಯ ಗೇರ್‌ಬಾಕ್ಸ್ ಮೇಲೆ ಹಳೆಯ ಇಂಜಿನ್ನಿನ ಎರಡು ಪಟ್ಟು ಟಾರ್ಕ್ ಹಾಕಿ, ಆಮೇಲೆ ಆಕ್ಸಲ್, ಜಾಯಿಂಟ್ ಒಂದೊಂದೇ ಬದಲಿಸುತ್ತಾ ಕೂರುವುದು ನನಗೆ ಇಷ್ಟವಿರಲಿಲ್ಲ. ಎಂಡಿಐ ಪೂರ್ತಿ ಮೆಕ್ಯಾನಿಕಲ್. ಹಳ್ಳಿಯ ಮಿಸ್ತ್ರಿಯೂ ಬಿಚ್ಚಿ ನೋಡಬಲ್ಲ.

ಇಂಜಿನ್ ತರುವ ಮೊದಲು ಕಾಗದ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೂ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ನಮಗೆ ಬೇಕಾದ ಹಾಗೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಹಾಗಾಗಿ ಆರ್‌ಟಿಒ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಅನುಮತಿ ಕೈಗೆ ಬಂದ ಮೇಲೆಯೇ ಮುಂದುವರಿದೆ. ಎರಡೂ ಡೀಸೆಲ್, ಎರಡೂ ಒಂದೇ ಕಂಪನಿಯವು ಅನ್ನುವುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಅನುಮತಿ ಸಿಗದಿದ್ದರೆ ಈ ಕೆಲಸ ಬಿಟ್ಟುಬಿಡಿ. ಅಪಘಾತ ಆದ ದಿನ ವಿಮೆಯವರು ಮೊದಲು ನೋಡುವುದೇ ಇಂಜಿನ್ ನಂಬರು.

ಇಂಜಿನ್ ಸಿಕ್ಕಿದ್ದು ಹಿಂದಿನಿಂದ ಪೆಟ್ಟು ತಿಂದು ಗುಜರಿಗೆ ಬಂದಿದ್ದ ಬೊಲೆರೊದಲ್ಲಿ. ನೋಡಲು ಹೋದಾಗ ಮೊದಲು ಇಂಜಿನ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿಟ್ಟಿದ್ದಾರೆ ಅಂತ ಅರ್ಥ, ಅದು ತಣ್ಣಗಾಗುವ ತನಕ ಕಾಯಿರಿ. ಚಾಲೂ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ದಬದಬ ನುಗ್ಗಿದರೆ ರಿಂಗು, ಲೈನರ್ ಸವೆದಿವೆ. ಬಂದ್ ಮಾಡಿ ಟರ್ಬೊದ ಶಾಫ್ಟ್ ಹಿಡಿದು ಅಲುಗಾಡಿಸಿ. ಅಡ್ಡಕ್ಕೆ ಚೂರು ಆಟ ಇರುವುದು ಸಹಜ, ಹಿಂದೆ ಮುಂದೆ ಆಡಬಾರದು. ಇಂಜಿನ್ ಜೊತೆ ರೇಡಿಯೇಟರ್, ಮೌಂಟ್, ಆಲ್ಟರ್ನೇಟರ್, ಏರ್ ಫಿಲ್ಟರ್, ಪೈಪು ಎಲ್ಲ ಒಟ್ಟಿಗೇ ತನ್ನಿ. ಒಂದೊಂದು ಕ್ಲಾಂಪಿಗೂ ಆಮೇಲೆ ಹುಬ್ಬಳ್ಳಿ ಸುತ್ತುವುದು ತಪ್ಪುತ್ತದೆ.

ಕೆಲಸ ನಡೆದದ್ದು ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಒಂದು ಗ್ಯಾರೇಜಿನಲ್ಲಿ. ಮಿಸ್ತ್ರಿ ವಯಸ್ಸಾದವರು, ಎಲ್ಲರೂ ಚಾಚಾ ಅಂತಾರೆ. ನಾನು ಜೊತೆಗೇ ಇದ್ದು ಕೆಲಸ ಮಾಡಿದೆ. ಚಾಚಾ ಮೊದಲ ದಿನವೇ ಒಂದು ನಿಯಮ ಹಾಕಿದರು: ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಇದ್ದ ಜಾಗದಿಂದ ಕದಲಬಾರದು. ಅವು ಕದಲಿದರೆ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳ ಉದ್ದ, ಕೋನ ಎಲ್ಲ ಬದಲಾಗುತ್ತವೆ. ಹಾಗಾಗಿ ಇಂಜಿನ್ ಎಲ್ಲಿ ಕೂರಬೇಕು ಅನ್ನುವುದನ್ನು ಗೇರ್‌ಬಾಕ್ಸೇ ಹೇಳಿತು.

ಇಡೀ ಕೆಲಸದ ಜೀವ ಇರುವುದು ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ. ನಡುವೆ ಒಂದು ದಪ್ಪ ಅಡಾಪ್ಟರ್ ಪ್ಲೇಟ್ ಲೇತ್‌ನಲ್ಲಿ ಮಾಡಿಸಿದೆವು. ಬೋಲ್ಟ್ ಕೂಡಿದರೆ ಸಾಕು ಅಂತ ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಸಾಲದು. ಕ್ರ್ಯಾಂಕ್‌ನ ನಡುಬಿಂದು ಮತ್ತು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ನಡುಬಿಂದು ಒಂದೇ ಗೆರೆಯಲ್ಲಿ ಇರಬೇಕು. ಕ್ಲಚ್ ಬಿಚ್ಚಿ, ಫ್ಲೈವೀಲಿಗೆ ಡಯಲ್ ಗೇಜ್ ಕೂರಿಸಿ, ಅದರ ಮುಳ್ಳನ್ನು ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗಂಟೆ ಆಕಾರದ ಕವಚ) ನಡುವಿನ ತೂತಿನ ಅಂಚಿಗೆ ತಾಗಿಸಿ, ಕೈಯಿಂದ ಇಂಜಿನ್ ಒಂದು ಸುತ್ತು ತಿರುಗಿಸಬೇಕು. ಗೇಜಿನ ಒಟ್ಟು ಓಡಾಟ 5 ಥೌ ಒಳಗೆ, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದೊಳಗೆ ಇರಬೇಕು. ನಾವು ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ, ಬಿಗಿದು, ಮತ್ತೆ ಅಳೆದು, ಹೀಗೆ ಒಂದು ಇಡೀ ದಿನ ಕಳೆದೆವು. ಸಂಜೆ ನಾನು ‘ಸಾಕಲ್ವಾ ಚಾಚಾ?’ ಅಂದಾಗ ಅವರು ಹೇಳಿದ್ದು: ‘ಇವತ್ತ ಬಿಡ್ರಿ. ನಾಳೆ ಮುಂಜಾನೆ ಹೊಸಾ ಕಣ್ಣಿಲೆ ನೋಡೂಣು.’ ಅಳತೆ ಸರಿ ಬಂದ ಮೇಲೆ ಡೋವೆಲ್ ಪಿನ್ ಹೊಡೆದು ಪ್ಲೇಟನ್ನು ಆ ಜಾಗಕ್ಕೇ ಕಟ್ಟಿಹಾಕಿದೆವು. ಈ ಅಳತೆ ತಪ್ಪಿದರೆ ಪೈಲಟ್ ಬುಷ್ (ಇನ್‌ಪುಟ್ ಶಾಫ್ಟಿನ ತುದಿ ಕೂರುವ ಬುಷ್) ಕೂಗುತ್ತದೆ, ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಗೇರ್ ತಾನೇ ಜಾರಿ ನ್ಯೂಟ್ರಲ್‌ಗೆ ಬರುತ್ತದೆ.

ಕ್ಲಚ್ ಪ್ಲೇಟಿನ ಸುತ್ತಳತೆ ಹೊಸ ಫ್ಲೈವೀಲಿಗೆ ಹೊಂದಬೇಕು, ನಡುವಿನ ಹಲ್ಲು ಹಳೆಯ ಶಾಫ್ಟಿಗೆ ಹೊಂದಬೇಕು. ಎರಡೂ ಒಂದೇ ಪ್ಲೇಟಿನಲ್ಲಿ ಸಿಗದಿದ್ದರೆ ಹಬ್ ಬದಲಿಸಿ ಕೊಡುವವರು ಇದ್ದಾರೆ. ಪೈಲಟ್ ಬುಷ್ ಹಾಗೆಯೇ, ಹಿತ್ತಾಳೆ ಬಣ್ಣದ ಬ್ರಾಂಜ್‌ನಲ್ಲಿ ಕಡೆಸಿದ್ದು.

ಮೌಂಟ್ ಬ್ರಾಕೆಟ್‌ಗಳನ್ನು ಮೊದಲು ಬರೀ ಟ್ಯಾಕ್ ಮಾಡಿ (ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್), ಇಂಜಿನ್ನಿನ ಪೂರ್ತಿ ಭಾರ ಇಳಿಸಿ ನೋಡಿ, ಆಮೇಲೆ ವೆಲ್ಡಿಂಗ್ ಹೊಡೆದೆವು. ವೆಲ್ಡಿಂಗ್ ಮುಂಚೆ ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಬಿಚ್ಚಿಡಿ. ಇನ್ನೊಂದು ಪರೀಕ್ಷೆ: ಮುಂದಿನ ಆಕ್ಸಲ್ಲನ್ನು ಜ್ಯಾಕ್‌ನಿಂದ ಬಂಪ್ ಸ್ಟಾಪ್ (ಆಕ್ಸಲ್ ಮೇಲೇರುವ ಮಿತಿಯ ರಬ್ಬರು) ಮುಟ್ಟುವ ತನಕ ಎತ್ತಿ, ಆಯಿಲ್ ಸಂಪ್‌ಗೆ ತಾಗುತ್ತದಾ ನೋಡಿ. ಸಪಾಟ ನೆಲದ ಮೇಲೆ ಇದು ಗೊತ್ತಾಗುವುದಿಲ್ಲ, ಹೊಲದ ಬದು ಹಾರಿದಾಗ ಗೊತ್ತಾಗುತ್ತದೆ. ಈ ಇಂಜಿನ್ ಭಾರ ಜಾಸ್ತಿ, ಮುಂದಿನ ಪಾಟಾಕ್ಕೆ (ಲೀಫ್ ಸ್ಪ್ರಿಂಗ್) ಒಂದು ಎಲೆ ಸೇರಿಸಿದೆವು.

ಇಂಧನದ ಪೈಪು, ರಿಟರ್ನ್ ಪೈಪು, ನೀರು ಬೇರೆ ಮಾಡುವ ಫಿಲ್ಟರ್, ಇವೆಲ್ಲ ಸುಲಭ. ಡೈರೆಕ್ಟ್ ಇಂಜೆಕ್ಷನ್ ಆದ್ದರಿಂದ ಗ್ಲೋ ಪ್ಲಗ್ ಕಾಯುವ ಕೆಲಸವೂ ಇಲ್ಲ, ಧಾರವಾಡದ ಚಳಿಗೆ ಹಾಗೇ ಚಾಲೂ ಆಗುತ್ತದೆ. ಟರ್ಬೊಗೆ ಹೋಗುವ ಆಯಿಲ್ ಪೈಪನ್ನು ಮಾತ್ರ ಹೊಸದೇ ಹಾಕಿ. ಗಟ್ಟಿ ಎಳೆದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಂದ್ ಮಾಡಿ.

ಬ್ರೇಕ್ ಬಗ್ಗೆ ನಾನು ಹಟ ಹಿಡಿದೆ. ಜಾಸ್ತಿ ಎಳೆಯುವ ಗಾಡಿ ಅಷ್ಟೇ ಗಟ್ಟಿಯಾಗಿ ನಿಲ್ಲಲೂಬೇಕು. ಎಂಡಿಐನ ಆಲ್ಟರ್ನೇಟರ್ ಹಿಂದೆಯೇ ವ್ಯಾಕ್ಯೂಮ್ ಪಂಪ್ ಇದೆ, ಅದಕ್ಕೆ ಬೂಸ್ಟರ್ ಜೋಡಿಸಿದೆವು.

ವೇಗದ ವಿಷಯ ಮೊದಲೇ ತಿಳಿದಿರಲಿ. ನನ್ನ ಜೀಪಿನ ಡಿಫರೆನ್ಶಿಯಲ್ ಅನುಪಾತ 5.38. 6.00-16 ಟೈರಿನಲ್ಲಿ, ನಾಲ್ಕನೇ ಗೇರಿನಲ್ಲಿ 3200 ಆರ್‌ಪಿಎಂಗೆ ಗಂಟೆಗೆ ಸುಮಾರು 80 ಕಿಲೋಮೀಟರ್, ಅಷ್ಟೇ. ಹೈವೇ ಮೇಲೆ ಓಡಿಸಲು ಇದು ಸರಿಯಾದ ಜೋಡಿ ಅಲ್ಲ. ಆದರೆ ಯಲ್ಲಾಪುರ ದಾಟಿ ಅರಬೈಲ್ ಘಾಟಿನಲ್ಲಿ, ತುಂಬಿದ ಗಾಡಿಯಲ್ಲಿ, ಲಾರಿಯ ಹಿಂದೆ ನಿಧಾನಕ್ಕೆ ಏರುವಾಗ ಮೂರನೇ ಗೇರಿನಿಂದ ಇಳಿಸುವ ಪ್ರಸಂಗವೇ ಅಪರೂಪ. ಹೊಲದ ಕೆಸರಿನಲ್ಲಿ ಲೋ ರೇಂಜ್ ಹಾಕಿ ಕ್ಲಚ್ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆಯೂ ಗಾಡಿ ಸಾಗುತ್ತದೆ.

ಮೊದಲ ಓಡಾಟ ಆದ ಮೇಲೆ ಮೌಂಟ್, ಬೆಲ್ ಹೌಸಿಂಗ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿ, ಆಯಿಲ್ ಬದಲಿಸಿ. ಆಮೇಲೆ ಗಾಡಿಯನ್ನು ಇನ್ಸ್‌ಪೆಕ್ಷನ್‌ಗೆ ಒಯ್ದು, ಹೊಸ ಇಂಜಿನ್ ನಂಬರನ್ನು ಆರ್‌ಸಿಯಲ್ಲೂ ವಿಮೆ ಪಾಲಿಸಿಯಲ್ಲೂ ಬರೆಸಿಕೊಳ್ಳಿ.