ಗೂಡು ಇದ್ದಲ್ಲೇ ಇರಲಿ: ಕಡಲಾಮೆ ಕಾವಲಿನಲ್ಲಿ ನಾವು ಪಾಲಿಸುವ ಕ್ರಮ

ರಾತ್ರಿ ಗಸ್ತಿನಲ್ಲಿ ಗೂಡು ಕಂಡ ಕೂಡಲೇ ಎರಡು ಸಂಗತಿ ನೋಡುತ್ತೇವೆ: ಮೊಟ್ಟೆ ಇಟ್ಟು ಎಷ್ಟು ಹೊತ್ತಾಯಿತು, ಉಬ್ಬರದ ಗೆರೆಗಿಂತ ಗೂಡು ಎಷ್ಟು ಮೇಲಿದೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಬಿಟ್ಟುಹೋದ ಕಸದ ಸಾಲಿಗಿಂತ ಮೇಲಿದ್ದರೆ ಅದನ್ನು ಕದಲಿಸುವುದಿಲ್ಲ. ಒಂದೆರಡು ಸಲ ಅಲೆ ಹಾದುಹೋದ ಮಾತ್ರಕ್ಕೆ ಮೊಟ್ಟೆ ಕೆಡುವುದಿಲ್ಲ. ಮತ್ತೆ ಮತ್ತೆ ನೀರು ನಿಂತರೆ ಮಾತ್ರ ಭ್ರೂಣ ಉಸಿರುಗಟ್ಟಿ ಸಾಯುತ್ತದೆ.

ಇದ್ದಲ್ಲೇ ಬಿಟ್ಟ ಗೂಡಿನ ಮೇಲೆ ಗುರುತಿನ ಗೂಟ ನೆಡುವುದಿಲ್ಲ, ಅದು ಕಳ್ಳರಿಗೆ ದಾರಿ ತೋರಿಸುತ್ತದೆ. ದಿಬ್ಬದ ಮೇಲೆ ಎರಡು ಗುರುತು ಮಾಡಿಕೊಂಡು, ಎರಡರಿಂದಲೂ ಟೇಪು ಹಿಡಿದು ದೂರ ಬರೆದಿಡುತ್ತೇವೆ. ಆಮೆಯ ಜಾಡನ್ನು ಅಳಿಸುತ್ತೇವೆ. ನಾಯಿ, ನರಿ, ಹಂದಿಗಳ ಕಾಟವಿದ್ದರೆ ಒಂದು ಮೀಟರ್ ಉದ್ದಗಲದ ಜಾಲರಿ ಹಾಸಿ, ಮೇಲೆ ಮರಳು ಮುಚ್ಚಿ, ಅಂಚುಗಳನ್ನು ಗೂಟದಿಂದ ಬಿಗಿಯುತ್ತೇವೆ. ಜಾಲರಿಯ ಕಣ್ಣು 8ರಿಂದ 10 ಸೆಂ.ಮೀ. ಇರಬೇಕು, ಕಿರಿದಾದರೆ ಮರಿಗಳು ಸಿಕ್ಕಿಬೀಳುತ್ತವೆ. ಗಟ್ಟಿ ಪ್ಲಾಸ್ಟಿಕ್ಕಿನದೇ ಲೇಸು: ಕಬ್ಬಿಣವು ಸುತ್ತಲಿನ ಕಾಂತಕ್ಷೇತ್ರವನ್ನು ಬದಲಿಸುತ್ತದೆ, ಮರಿಗಳು ಕಡಲಲ್ಲಿ ದಿಕ್ಕು ಹಿಡಿಯುವುದು ಆ ಕ್ಷೇತ್ರದ ನೆರವಿನಿಂದ.

ಗೂಡು ಕೊಚ್ಚಿಹೋಗುವುದು ಅಥವಾ ಕಳುವಾಗುವುದು ಖಚಿತವಿದ್ದರೆ ಮಾತ್ರ ಹ್ಯಾಚರಿ, ಅಂದರೆ ಮೊಟ್ಟೆಗಳನ್ನು ತಂದು ಮತ್ತೆ ಹೂತು ಮರಿಯಾಗುವವರೆಗೆ ಕಾಯುವ ಜಾಗ. ಮೊಟ್ಟೆ ಇಟ್ಟ ಎರಡು ಗಂಟೆಯೊಳಗೆ ಸಾಗಿಸಬೇಕು, ಆರು ಗಂಟೆ ದಾಟಿದರೆ ಮುಟ್ಟಲೇಬಾರದು. ಭ್ರೂಣ ಚಿಪ್ಪಿನ ಒಳಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಹೊರಳಿದರೆ ಆ ಅಂಟು ಹರಿದು ಸಾಯುತ್ತದೆ. ಮುಂದಿನ ಮೂರು ವಾರ ಈ ಅಪಾಯ ಇದ್ದೇ ಇರುತ್ತದೆ. ಎಷ್ಟೋ ಹ್ಯಾಚರಿಗಳಲ್ಲಿ ಬೆಳಗಾದ ಮೇಲೆ ಮೊಟ್ಟೆ ತಂದು ಹೂಳುತ್ತಾರೆ. ಇದೇ ದೊಡ್ಡ ತಪ್ಪು.

ಕೋಲಿನಿಂದ ಚುಚ್ಚಿ ಮೊಟ್ಟೆ ಹುಡುಕಬಾರದು, ಬೆರಳಿನಿಂದಲೇ ಸಡಿಲ ಮರಳನ್ನು ಗುರುತಿಸಬೇಕು. ಕೈಗೆ ಸೊಳ್ಳೆ ಎಣ್ಣೆ ಹಚ್ಚಿರಬಾರದು. ಬಕೆಟ್ಟಿನ ತಳಕ್ಕೆ ಆ ಗೂಡಿನದೇ ಹಸಿ ಮರಳು ಹಾಕಿ, ಮೊಟ್ಟೆಗಳನ್ನು ತಿರುಗಿಸದೆ ಜೋಡಿಸುತ್ತೇವೆ. ಆಲಿವ್ ರಿಡ್ಲೆ ಜಾತಿಯ ಕಡಲಾಮೆಯಾದರೆ ನೂರರ ಆಸುಪಾಸು ಮೊಟ್ಟೆ, ಹ್ಯಾಚರಿಯಲ್ಲಿ ತೋಡುವ ಗುಂಡಿಯ ಆಳ ಸುಮಾರು 45 ಸೆಂ.ಮೀ. ಕತ್ತು ಕಿರಿದು, ತಳ ಅಗಲ: ಹೂಜಿಯ ಆಕಾರ. ಗುಂಡಿಗಳ ನಡುವೆ ಒಂದು ಮೀಟರ್ ಅಂತರ. ಮೊಟ್ಟೆಗಳ ಮೇಲೆ ಮೊದಲು ಹಸಿ ಮರಳು, ಒಣ ಮರಳು ಕೊನೆಗೆ. ತುಳಿದು ಗಟ್ಟಿ ಮಾಡಬಾರದು. ಕಳೆದ ವರ್ಷದ ಮರಳಲ್ಲಿ ಕೊಳೆತ ಚಿಪ್ಪು, ಶಿಲೀಂಧ್ರ, ಇರುವೆ ಉಳಿದಿರುತ್ತವೆ, ಹಾಗಾಗಿ ಪ್ರತಿ ವರ್ಷ ಜಾಗ ಬದಲಿಸುತ್ತೇವೆ.

ಇಷ್ಟೆಲ್ಲ ಮಾಡಿದರೂ ಉಷ್ಣಾಂಶದ ಸಮಸ್ಯೆ ಬಗೆಹರಿಯುವುದಿಲ್ಲ. ಕಾವಿನ ನಡುವಿನ ಮೂರನೇ ಒಂದು ಭಾಗದಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ಸಮಸಮ, ಅದಕ್ಕಿಂತ ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ತೀರದುದ್ದಕ್ಕೂ ಹರಡಿದ ಗೂಡುಗಳಲ್ಲಿ ಕೆಲವು ಗಿಡದ ನೆರಳಲ್ಲಿ, ಕೆಲವು ಬಯಲಲ್ಲಿ ಇರುವುದರಿಂದ ಎರಡೂ ಹುಟ್ಟುತ್ತವೆ. ಹ್ಯಾಚರಿಯಲ್ಲಿ ಒಂದೇ ಬಿಸಿಲು, ಒಂದೇ ಮರಳು. ಒಂದು ಎಣಿಕೆ ತಪ್ಪಿದರೆ ಇಡೀ ವರ್ಷದ ಮರಿಗಳಿಗೂ ಅದೇ ಗತಿ. ಅರ್ಧ ಭಾಗಕ್ಕೆ ಗರಿಯ ಚಪ್ಪರ ಹಾಕಿ, ಗೂಡಿನಾಳದ ಉಷ್ಣಾಂಶವನ್ನು ದಿನವೂ ಬರೆದಿಡುತ್ತೇವೆ.

45ನೇ ದಿನದಿಂದ ರಾತ್ರಿಯಿಡೀ ಅರ್ಧ ಗಂಟೆಗೊಮ್ಮೆ ನೋಡಬೇಕು. ಮರಿಗಳು ಮೇಲೆ ಬಂದ ಕೂಡಲೇ ಬಿಡಬೇಕು. ನೀರಿನ ತೊಟ್ಟಿಯಲ್ಲಿಟ್ಟರೆ ದಡದಿಂದ ಆಳಕ್ಕೆ ಈಜಲು ಬೇಕಾದ ಕಸುವು ಅಲ್ಲೇ ಕರಗುತ್ತದೆ. ಮರಳ ಮೇಲೆ ತಾವೇ ತೆವಳಿ ಹೋಗಲಿ. ದಿನಕ್ಕೊಂದು ಜಾಗದಲ್ಲಿ ಬಿಡಬೇಕು, ಇಲ್ಲವಾದರೆ ಮೀನುಗಳು ಅಲ್ಲೇ ಕಾದಿರುತ್ತವೆ.

ಮರಿಗಳು ಹೊರಬಿದ್ದ ಮೂರು ದಿನಕ್ಕೆ ಗುಂಡಿ ಅಗೆದು ಚಿಪ್ಪು ಎಣಿಸಿ, ಒಡೆಯದ ಮೊಟ್ಟೆಗಳನ್ನು ಬಿಡಿಸಿ ನೋಡುತ್ತೇವೆ. ಎಳೆಯ ಭ್ರೂಣಗಳೇ ಹೆಚ್ಚು ಸತ್ತಿದ್ದರೆ ಬಹುಮಟ್ಟಿಗೆ ಸಾಗಿಸುವಾಗಿನ ತಪ್ಪು, ಬೆಳೆದವು ಸತ್ತಿದ್ದರೆ ಬಿಸಿ ಅಥವಾ ನೀರಿನದು. ಅದೇ ತೀರದಲ್ಲಿ ಮುಟ್ಟದೆ ಬಿಟ್ಟ ಗೂಡುಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳುತ್ತೇವೆ.