ಅಮೈನೊ ಡಬ್ಬಿ ಕೊಳ್ಳುವ ಮುಂಚೆ ಒಂದು ದಿನದ ಊಟ ಬರೆದಿಡಿ

ಜಿಮ್‌ಗೆ ಸೇರಿದ ಮೂರನೇ ವಾರಕ್ಕೇ ನನ್ನ ಕೈಗೊಂದು ಡಬ್ಬಿ ಬಂತು. ಹಸಿರು ಸೇಬಿನ ವಾಸನೆಯ ಪುಡಿ, ಒಳಗೊಂದು ಪುಟ್ಟ ಸ್ಕೂಪ್. ‘ಬಿಸಿಎಎ ಸರ್. ವರ್ಕೌಟ್ ಮಧ್ಯೆ ಕುಡೀತಾ ಇರಿ, ಇಲ್ಲಾಂದ್ರೆ ಮಸಲ್ ಕರಗಿಹೋಗುತ್ತೆ’ ಎಂದರು ಟ್ರೇನರ್. ಹೆದರಿ 1,800 ರೂಪಾಯಿ ಕೊಟ್ಟೆ. ಮಳೆಗಾಲದ ತೇವಕ್ಕೆ ಪುಡಿ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಯಿತು. ಚಮಚದ ಹಿಡಿಯಿಂದ ಕುಟ್ಟಿ ಕುಟ್ಟಿ ಕುಡಿದು ಮುಗಿಸಿದೆ. ಷರ್ಟಿನ ತೋಳು ಮೊದಲು ಎಷ್ಟು ಸಡಿಲವಿತ್ತೋ ಅಷ್ಟೇ ಸಡಿಲ.

ತಪ್ಪು ಪುಡಿಯದಲ್ಲ, ನನ್ನದೇ. ಮೊದಲು ಊಟದ ಲೆಕ್ಕ ಹಾಕಬೇಕಿತ್ತು, ನಾನು ಮೊದಲು ಡಬ್ಬಿ ಕೊಂಡೆ. ಈಗ ಅದೇ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡೋಣ. ಒಂದು ಪೆನ್ನು, ಒಂದು ಹಾಳೆ ಸಾಕು.

1. ಡಬ್ಬಿಯ ಹಿಂಬದಿ ಓದಿ

ಮುಂದುಗಡೆ ಇರುವ ತೋಳಿನ ಚಿತ್ರ ಬಿಟ್ಟುಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಅಮೈನೊ ಆಮ್ಲಗಳ (ಪ್ರೋಟೀನಿನ ಇಟ್ಟಿಗೆಗಳು ಅನ್ನಿ) ಹೆಸರು ಇರುತ್ತವೆ: ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಈ ಮೂರಕ್ಕೆ ಸೇರಿಸಿ ಬಿಸಿಎಎ ಅನ್ನುತ್ತಾರೆ. ಸಾಮಾನ್ಯವಾಗಿ 2:1:1 ಅಳತೆಯಲ್ಲಿ ಹಾಕಿರುತ್ತಾರೆ. ಅಂದರೆ 5 ಗ್ರಾಂ ಬಿಸಿಎಎಯಲ್ಲಿ ಎರಡೂವರೆ ಗ್ರಾಂ ಲ್ಯೂಸಿನ್, ಉಳಿದೆರಡು ಒಂದೂಕಾಲು ಗ್ರಾಂ ಒಂದೊಂದು. ಮಿಕ್ಕಿದ್ದು ಹುಳಿ, ಸಿಹಿ, ಬಣ್ಣ, ವಾಸನೆ.

ನಾವು ತಿನ್ನುವ ಪ್ರೋಟೀನ್ 20 ಬಗೆಯ ಅಮೈನೊ ಆಮ್ಲಗಳಿಂದ ಆಗಿದೆ. ಅದರಲ್ಲಿ 9 ನಮ್ಮ ಮೈಯಲ್ಲಿ ತಯಾರಾಗುವುದಿಲ್ಲ, ಊಟದಿಂದಲೇ ಬರಬೇಕು. ಬಿಸಿಎಎ ಆ ಒಂಬತ್ತರಲ್ಲಿ ಬರೀ ಮೂರು. ಒಂಬತ್ತೂ ಇರುವ ಡಬ್ಬಿಯ ಮೇಲೆ ಇಎಎ ಅಂತ ಇರುತ್ತದೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿರುತ್ತಾರೆ, ಒಂದೇ ಬಣ್ಣ, ಒಂದೇ ಮಾವಿನ ಹಣ್ಣಿನ ಚಿತ್ರ. ಆದರೆ ಮೈಯೊಳಗೆ ಹೋದ ಮೇಲೆ ಎರಡೂ ಒಂದೇ ಅಲ್ಲ.

2. ಮೂರರಿಂದ ಏನಾಗುತ್ತದೆ, ಏನಾಗುವುದಿಲ್ಲ

ಜಾಹೀರಾತು ಪೂರ್ತಿ ಸುಳ್ಳಲ್ಲ. ಲ್ಯೂಸಿನ್‌ಗೆ ನಿಜವಾಗಿಯೂ ಒಂದು ವಿಶೇಷ ಗುಣವಿದೆ. ಸ್ನಾಯುವಿನ ಕೋಶದೊಳಗೆ ಎಂಟಾರ್ ಎಂಬ ಒಂದು ವ್ಯವಸ್ಥೆ ಇದೆ, ಹೊಸ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಅದೇ ಮೇಸ್ತ್ರಿ. ಲ್ಯೂಸಿನ್ ಬಂದರೆ ಆ ಮೇಸ್ತ್ರಿ ಎಚ್ಚರಾಗುತ್ತಾನೆ. ಒಂದು ಹೊತ್ತಿನ ಊಟದಲ್ಲಿ ಸುಮಾರು 2ರಿಂದ 3 ಗ್ರಾಂ ಲ್ಯೂಸಿನ್ ಇದ್ದರೆ ಎಬ್ಬಿಸಲು ಸಾಕು ಎನ್ನುತ್ತಾರೆ.

ಎದ್ದ ಮೇಲೆ? ಮದುವೆ ಮನೆಯಲ್ಲಿ ಪಂಕ್ತಿಗೆ ಕರೆದು, ಎಲೆ ಹಾಕಿ, ತುದಿಗೆ ಉಪ್ಪು, ಪಕ್ಕಕ್ಕೆ ಕೋಸಂಬರಿ ಬಡಿಸಿ, ಅನ್ನವನ್ನೇ ತಾರದಿದ್ದರೆ ಹೇಗಿರುತ್ತದೆ ಯೋಚಿಸಿ. ಜನ ಎಲೆ ನೋಡಿಕೊಂಡು ಎಷ್ಟು ಹೊತ್ತು ಕೂರುತ್ತಾರೆ? ಹೊಸ ಸ್ನಾಯು ಪ್ರೋಟೀನ್ ಕಟ್ಟಲು ಒಂಬತ್ತೂ ಒಟ್ಟಿಗೆ ಬೇಕು. ಬಿಸಿಎಎ ಕುಡಿದಾಗ ಮೂರು ಬಂದವು. ಉಳಿದ ಆರು ಎಲ್ಲಿಂದ ಬರಬೇಕು? ಹೊಟ್ಟೆಯಲ್ಲಿ ಊಟ ಇಲ್ಲದಿದ್ದರೆ ಮೈ ತನ್ನದೇ ಪ್ರೋಟೀನ್ ಒಡೆದು ತರಬೇಕು. ಅದರಲ್ಲಿ ದೊಡ್ಡ ಪಾಲು ಸ್ನಾಯುವಿನದ್ದೇ. ಹಿತ್ತಿಲ ಗೋಡೆ ಕೆಡವಿ ಮುಂದಿನ ಗೋಡೆ ಕಟ್ಟಿದ ಹಾಗೆ.

ಇದನ್ನು ಗಟ್ಟಿಯಾಗಿ ಹೇಳಿದವರು ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ವಿಜ್ಞಾನಿ ರಾಬರ್ಟ್ ವುಲ್ಫ್. 2017ರಲ್ಲಿ ಅವರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಹರಡಿಕೊಂಡು ನೋಡಿದರು. ಬರೀ ಬಿಸಿಎಎಯನ್ನು ಮನುಷ್ಯರ ರಕ್ತನಾಳಕ್ಕೆ ಹನಿಸಿ ನೋಡಿದ ಎರಡೇ ಎರಡು ಅಧ್ಯಯನ ಸಿಕ್ಕವು. ಎರಡರಲ್ಲೂ ಸ್ನಾಯು ಒಡೆಯುವುದು ಕಡಿಮೆಯಾಗಿತ್ತು, ಆದರೆ ಕಟ್ಟುವುದೂ ಕಡಿಮೆಯಾಗಿತ್ತು. ಬಿಸಿಎಎ ಒಂದರಿಂದಲೇ ಸ್ನಾಯು ಬೆಳೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಎಂದು ಅವರು ಬರೆದರು.

ಅದೇ ವರ್ಷ ಇನ್ನೊಂದು ಅಧ್ಯಯನ ಬಂತು, ಡಬ್ಬಿ ಮಾರುವವರಿಗೆ ಇದು ಇಷ್ಟ. ತೂಕ ಎತ್ತಿ ಅಭ್ಯಾಸವಿದ್ದ ಯುವಕರಿಗೆ ವ್ಯಾಯಾಮದ ನಂತರ 5.6 ಗ್ರಾಂ ಬಿಸಿಎಎ ಕುಡಿಸಿದರು. ಸ್ನಾಯು ಕಟ್ಟುವ ವೇಗ ಬರೀ ಬಣ್ಣದ ನೀರು ಕುಡಿದಾಗಿನದಕ್ಕಿಂತ 22% ಹೆಚ್ಚಿತ್ತು. ಕೇಳಲು ಚೆನ್ನಾಗಿದೆ ಅಲ್ವಾ? ಅದೇ ಲೇಖನದಲ್ಲಿ ಮುಂದಿನ ಮಾತೂ ಇದೆ: ಅಷ್ಟೇ ಬಿಸಿಎಎ ಇರುವ ಹಾಲಿನ ವ್ಹೇ ಪ್ರೋಟೀನ್ ಕೊಟ್ಟಾಗ ಹಿಂದೆ ಕಂಡ ಏರಿಕೆಯ ಅರ್ಧದಷ್ಟು ಮಾತ್ರ ಇದು. ಅಂದರೆ ಉಳಿದ ಆರೂ ಜೊತೆಗಿದ್ದರೆ ಎರಡು ಪಟ್ಟು ಕೆಲಸ. ಜೊತೆಗೆ, ಅವರು ಅಳೆದದ್ದು ನಾಲ್ಕು ಗಂಟೆಯ ವೇಗವನ್ನು. ನಾಲ್ಕು ತಿಂಗಳ ತೋಳಿನ ಸುತ್ತಳತೆಯನ್ನಲ್ಲ.

3. ನಿಮ್ಮ ಸಂಖ್ಯೆ ಕಂಡುಕೊಳ್ಳಿ

ದೇಹತೂಕವನ್ನು 1.6ರಿಂದ ಗುಣಿಸಿ. ಈ 1.6 ಎಲ್ಲಿಂದ ಬಂತು ಅಂದರೆ, 2018ರಲ್ಲಿ 49 ಅಧ್ಯಯನಗಳ 1,863 ಜನರ ಲೆಕ್ಕವನ್ನು ಒಟ್ಟು ಹಾಕಿ ನೋಡಿದ್ದರು. ತೂಕ ಎತ್ತುವವರಲ್ಲಿ ದಿನಕ್ಕೆ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ದಾಟಿದ ಮೇಲೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಒಬ್ಬರಿಗೊಬ್ಬರಿಗೆ ವ್ಯತ್ಯಾಸ ಇರುತ್ತದೆ, ಆದರೆ ಗುರಿಯಾಗಿ ಇಟ್ಟುಕೊಳ್ಳಲು ಒಳ್ಳೆಯ ಸಂಖ್ಯೆ. 60 ಕಿಲೋ ಇದ್ದರೆ 96 ಗ್ರಾಂ.

ತೂಕ ಎತ್ತದ ಸಾಮಾನ್ಯ ಜನರಿಗೆ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ಕಿಲೋಗೆ 0.83 ಗ್ರಾಂ. ಅದೇ 60 ಕಿಲೋಗೆ 50 ಗ್ರಾಂ. ನೀವು ಜಿಮ್‌ಗೆ ದುಡ್ಡು ಕಟ್ಟಿ ಹೋಗದೆ ಇದ್ದರೆ ಈ ಸಂಖ್ಯೆಯೇ ನಿಮ್ಮದು.

4. ಒಂದು ದಿನದ ಊಟ ಬರೆಯಿರಿ

ಇಡೀ ಲೇಖನದಲ್ಲಿ ನಿಮಗೆ ಒಂದೇ ಕೆಲಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ವಾರದ ನಡುವಿನ ಮಾಮೂಲಿ ದಿನ ಆರಿಸಿಕೊಳ್ಳಿ, ಹಬ್ಬದ ದಿನ ಬೇಡ. ನನ್ನ ಹಾಳೆಯಲ್ಲಿ ಬಂದದ್ದು ಹೀಗೆ.

ಬೆಳಿಗ್ಗೆ ನಾಲ್ಕು ಇಡ್ಲಿ, ಒಂದು ಬಟ್ಟಲು ಸಾಂಬಾರ್: 11 ಗ್ರಾಂ. ದೊಡ್ಡ ಲೋಟ ಕಾಫಿ, ಹಾಲು ಜಾಸ್ತಿ: 5. ಮಧ್ಯಾಹ್ನ ಅನ್ನ, ಬೇಳೆ ಹುಳಿ, ಪಲ್ಯ, ಒಂದು ಬಟ್ಟಲು ಮೊಸರು: 21. ಸಂಜೆ ಕಾಫಿ, ಎರಡು ಬಿಸ್ಕತ್ತು: 4. ರಾತ್ರಿ ಒಂದು ದೊಡ್ಡ ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ: 18. ಒಟ್ಟು 59 ಗ್ರಾಂ.

ಹೊಟ್ಟೆ ತುಂಬ ಊಟ, ಆದರೆ 96ರ ಗುರಿಗೆ 37 ಗ್ರಾಂ ಕಡಿಮೆ. ನನ್ನ ತೋಳು ಸಡಿಲವಾಗೇ ಉಳಿದದ್ದು ಯಾಕೆ ಅಂತ ಆಗ ತಿಳಿಯಿತು. ಇನ್ನೊಂದು ವಿಷಯ ಗಮನಿಸಿ. ಮಾಮೂಲಿ ಊಟದ ಪ್ರೋಟೀನ್‌ನಲ್ಲಿ ಸುಮಾರು ಆರರಲ್ಲೊಂದು ಪಾಲು ಬಿಸಿಎಎಯೇ ಇರುತ್ತದೆ. ಅಂದರೆ ಆ 59 ಗ್ರಾಂನಲ್ಲೇ ಹತ್ತು ಗ್ರಾಂ ಬಿಸಿಎಎ ಇತ್ತು, ಎರಡು ಸ್ಕೂಪ್‌ನಷ್ಟು. ಇಡ್ಲಿ ಸಾಂಬಾರಿನಲ್ಲಿ ಬಿಟ್ಟಿಯಾಗಿ ಬಂದದ್ದನ್ನೇ ನಾನು ಹಸಿರು ಸೇಬಿನ ವಾಸನೆ ಹಾಕಿಸಿ ಕೊಂಡುಕೊಂಡಿದ್ದೆ.

ನಿಮ್ಮ ಲೆಕ್ಕಕ್ಕೆ ಕೆಲವು ಅಂದಾಜುಗಳು: ಒಂದು ಮೊಟ್ಟೆಗೆ 6 ಗ್ರಾಂ. ಅರ್ಧ ಲೀಟರ್ ಹಾಲಿಗೆ 15ರಿಂದ 16. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ (30 ಗ್ರಾಂ) 7ರಿಂದ 8. ಒಣ ಸೋಯಾ ಚಂಕ್ಸ್ 30 ಗ್ರಾಂಗೆ 15. ಪನೀರ್ 100 ಗ್ರಾಂಗೆ 18ರ ಆಸುಪಾಸು. ತೊಗರಿ, ಹೆಸರು, ಹುರುಳಿ ಯಾವುದೇ ಇರಲಿ, ಹಸಿಯಾಗಿ ತೂಗಿದ 100 ಗ್ರಾಂಗೆ 22ರ ಹತ್ತಿರ. ಬೇಯಿಸದ ಕೋಳಿ ಎದೆ ಮಾಂಸ 100 ಗ್ರಾಂಗೂ 22ರ ಹತ್ತಿರವೇ. ಕಾಳು ಮತ್ತು ಕೋಳಿ ಒಂದೇ ಅಂತ ಸಂಭ್ರಮ ಪಡಬೇಡಿ. 100 ಗ್ರಾಂ ಕಾಳು ಬೆಂದರೆ ಪಾತ್ರೆ ತುಂಬುತ್ತದೆ, ಒಂದೇ ಹೊತ್ತಿಗೆ ತಿನ್ನುವುದು ಕಷ್ಟ.

5. ಕೊರತೆಯನ್ನು ಅಡುಗೆಮನೆಯಿಂದಲೇ ತುಂಬಿ

ನಾನು ಸೇರಿಸಿದ್ದು ಮೂರು: ಅರ್ಧ ಲೀಟರ್ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ, ಮಧ್ಯಾಹ್ನದ ಪಲ್ಯಕ್ಕೆ 30 ಗ್ರಾಂ ಸೋಯಾ ಚಂಕ್ಸ್. ಒಟ್ಟು 38. ಗುರಿ ಮುಟ್ಟಿತು. ಮೊಟ್ಟೆ ತಿನ್ನುವವರಿಗೆ ಇನ್ನೂ ಸಲೀಸು.

ಸಸ್ಯಾಹಾರದ ಪ್ರೋಟೀನ್ ‘ಅರೆಬರೆ’ ಅಂತ ಜಿಮ್‌ನಲ್ಲಿ ಹೆದರಿಸುತ್ತಾರೆ. ಅರ್ಧ ನಿಜ. ಅಕ್ಕಿ, ಗೋಧಿಯಂಥ ಧಾನ್ಯದಲ್ಲಿ, ಆ ಒಂಬತ್ತರಲ್ಲಿ ಒಂದಾದ ಲೈಸಿನ್ ಕಡಿಮೆ. ಬೇಳೆ ಕಾಳಿನಲ್ಲಿ ಲೈಸಿನ್ ಧಾರಾಳ, ಒಂಬತ್ತರಲ್ಲೇ ಇನ್ನೊಂದಾದ ಮಿಥಿಯೋನಿನ್ ಕಡಿಮೆ. ರಾಗಿಯಲ್ಲಿ ಮಿಥಿಯೋನಿನ್ ಚೆನ್ನಾಗಿದೆ. ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ಹುಳಿ ಅಂತ ನಮ್ಮಜ್ಜಿ ಯಾವ ಚಾರ್ಟ್ ನೋಡಿ ಜೋಡಿಸಿದ್ದರೋ! ಎರಡೂ ಒಂದೇ ತಟ್ಟೆಯಲ್ಲೇ ಇರಬೇಕು ಅಂತಿಲ್ಲ, ಇಡೀ ದಿನದಲ್ಲಿ ಬಂದರೆ ಆಯಿತು. ಗಡಿಯಾರ ನೋಡಿಕೊಂಡು ಅರ್ಧ ಗಂಟೆಯೊಳಗೆ ಶೇಕರ್ ಅಲ್ಲಾಡಿಸುವ ಅವಸರವೂ ಬೇಡ. ದಿನದ ಒಟ್ಟು ಸರಿ ಇದ್ದರೆ ಸಮಯದ ಪಾತ್ರ ಸಣ್ಣದು.

ಇಷ್ಟಾದ ಮೇಲೂ 20, 25 ಗ್ರಾಂ ಕೊರತೆ ಉಳಿದರೆ? ಪಿಜಿಯಲ್ಲಿ ಇರುವವರಿಗೆ, ರಾತ್ರಿ ಪಾಳಿಯವರಿಗೆ ಇದು ನಿಜವಾದ ಕಷ್ಟ. ಆಗಲೂ ಬಿಸಿಎಎ ಬೇಡ, ಒಂದು ಸ್ಕೂಪ್ ವ್ಹೇ ತಗೊಳ್ಳಿ. ಅದರಲ್ಲಿ ಒಂಬತ್ತೂ ಇವೆ. 25 ಗ್ರಾಂ ವ್ಹೇ ಪ್ರೋಟೀನ್‌ನಲ್ಲಿ ಎರಡೂವರೆ ಗ್ರಾಂ ಲ್ಯೂಸಿನ್ ಹೇಗೂ ಇರುತ್ತದೆ, ಬಿಸಿಎಎ ಡಬ್ಬಿಯವರು ಮಾರುವುದೂ ಅಷ್ಟನ್ನೇ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಹಾರ ಮಾರ್ಗಸೂಚಿ ಹೊರಡಿಸಿತು. ಸ್ನಾಯು ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಎಂದಿತು. ಸಾರ್ವಜನಿಕರಿಗೆ ಕೊಟ್ಟ ಸಲಹೆಯಾಗಿ ನನಗದು ಒಪ್ಪಿಗೆ. ಊಟದ ಮೇಲೆ ಹಿಡಿತವಿಲ್ಲದ ಹಾಸ್ಟೆಲ್ ಹುಡುಗನಿಗೆ ಮಾತ್ರ ಸ್ವಲ್ಪ ರಿಯಾಯಿತಿ ಕೊಡುತ್ತೇನೆ.

6. ಹಾಗಾದರೆ ಅಮೈನೊ ಯಾರಿಗೆ?

ಕೆಲವರಿಗೆ ಉಪಯೋಗವಿದೆ. ವಯಸ್ಸಾದಂತೆ ಸ್ನಾಯು ಪ್ರೋಟೀನ್‌ನ ಕರೆಗೆ ಬೇಗ ಓಗೊಡುವುದಿಲ್ಲ, ಹಸಿವೂ ಕಡಿಮೆ. ಒಂದು ಬಟ್ಟಲು ಬೇಳೆ ತಿನ್ನಲಾರದ ಅಜ್ಜನಿಗೆ ಲ್ಯೂಸಿನ್ ಜಾಸ್ತಿ ಇರುವ ಇಎಎ ಕೆಲವೇ ಗ್ರಾಂನಲ್ಲಿ ಕೆಲಸ ಮಾಡಬಲ್ಲದು. ಹಾಲೂ ಬಿಟ್ಟ ಶುದ್ಧ ಸಸ್ಯಾಹಾರಿಗಳು, ಕೊಬ್ಬು ಕರಗಿಸಲು ‘ಕಟಿಂಗ್’ ಅಂತ ಊಟ ತುಂಬ ಇಳಿಸಿದವರು ಕೂಡ ಇಎಎ ಬಗ್ಗೆ ಯೋಚಿಸಬಹುದು. ಬಿಸಿಎಎ ಕುಡಿದರೆ ವ್ಯಾಯಾಮದ ಮರುದಿನದ ಮೈನೋವು ಅಲ್ಪಸ್ವಲ್ಪ ತಗ್ಗುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಆ ಅಲ್ಪಸ್ವಲ್ಪಕ್ಕೆ ಅಷ್ಟು ದುಡ್ಡು ಸರಿಯೋ, ನೀವೇ ಹೇಳಿ.

ಉಳಿದ ಡಬ್ಬಿಗಳ ಕತೆ ಚಿಕ್ಕದು. ಗ್ಲುಟಮಿನ್: ಆರೋಗ್ಯವಂತರ ಸ್ನಾಯು ಬೆಳೆಸುವುದಿಲ್ಲ. ಆರ್ಜಿನಿನ್: ಪಂಪ್ (ರಕ್ತ ನುಗ್ಗಿ ಸ್ನಾಯು ಉಬ್ಬುವುದು) ಅನ್ನುತ್ತಾರೆ, ಜಾಸ್ತಿ ಕುಡಿದರೆ ಹೊಟ್ಟೆ ಕೆಡಬಹುದು. ಬೀಟಾ ಅಲನಿನ್: ಕುಡಿದರೆ ಮುಖ, ಕೈ ಜುಮುಜುಮು ಅನ್ನುತ್ತದೆ. ಒಂದರಿಂದ ನಾಲ್ಕು ನಿಮಿಷದ ಜೋರು ದಮ್ಮಿನ ಕೆಲಸಕ್ಕೆ ಸಹಾಯ, ಗಾತ್ರಕ್ಕೆ ಅಲ್ಲ. ಸಪ್ಲಿಮೆಂಟ್‌ಗೆ ದುಡ್ಡು ಹಾಕಲೇಬೇಕೆಂದಿದ್ದರೆ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೇಲೆ ಹಾಕಿ. ಅದಕ್ಕೆ ಪುರಾವೆ ಗಟ್ಟಿಯಾಗಿದೆ.

7. ಕೊಳ್ಳುವುದೇ ಆದರೆ

ಪ್ರೋಟೀನ್ ಪುಡಿಯಲ್ಲೂ ಅಮೈನೊ ಆಟ ನಡೆಯುತ್ತದೆ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಎಂಬವರು ಧಾನ್ಯದ ಪ್ರೋಟೀನ್ ಅಳೆಯುವ ಉಪಾಯ ಕಂಡುಹಿಡಿದರು. ನೈಟ್ರೋಜನ್ ಎಷ್ಟಿದೆ ಅಂತ ಅಳೆಯುವುದು, ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸುವುದು. ಇವತ್ತಿಗೂ ಅದೇ ವಿಧಾನ ಬಳಕೆಯಲ್ಲಿದೆ. ಇದರ ಕಣ್ಣಿಗೆ ಮಣ್ಣೆರಚುವುದು ಸುಲಭ: ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೆ ನೈಟ್ರೋಜನ್ ಏರುತ್ತದೆ, ಲೇಬಲ್ ಮೇಲೆ ಪ್ರೋಟೀನ್ ಏರುತ್ತದೆ. ನಿಮ್ಮ ಮೈಗೆ ಬೇಕಾದದ್ದು ಏರುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರುಗಳು ಬಿಡಿಯಾಗಿ ಕಂಡರೆ ಡಬ್ಬಿ ವಾಪಸ್ ಇಡಿ. 2024ರಲ್ಲಿ ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ 70% ಪುಡಿಗಳ ಲೇಬಲ್‌ನಲ್ಲಿ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ.

ಎಫ್‌ಎಸ್‌ಎಸ್‌ಎಐನ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಪರವಾನಗಿ ಸಂಖ್ಯೆ ಇದೆಯಾ ನೋಡಿ. ಪ್ರತಿ ಅಮೈನೊ ಎಷ್ಟು ಗ್ರಾಂ ಅಂತ ಬಿಡಿಸಿ ಹೇಳದೆ ‘ವಿಶೇಷ ಮಿಶ್ರಣ’ ಅಂತ ಒಟ್ಟಾಗಿ ಬರೆದಿದ್ದರೆ ಬೇಡ. ಸ್ಪರ್ಧೆಗೆ ಇಳಿಯುವವರು ಇನ್ನೂ ಹುಷಾರು. ಪುಡಿಯಲ್ಲಿ ನಿಷೇಧಿತ ವಸ್ತು ಬೆರೆತಿದ್ದರೆ ನಾಡಾ (ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ನೀವು, ಅಂಗಡಿಯವನಲ್ಲ. ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಯಾವುದನ್ನೂ ಶುರು ಮಾಡಬೇಡಿ.

8. ಈಗಾಗಲೇ ಕೊಂಡಾಗಿದೆಯೇ?

ಸುಮ್ನೆ ಎಸೆಯಬೇಡಿ. ಆರೋಗ್ಯವಾಗಿದ್ದರೆ ಹೇಳಿದ ಅಳತೆಯಲ್ಲಿ ಕುಡಿದರೆ ತೊಂದರೆಯೇನಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ, ತಿಂಡಿ ಅಥವಾ ಊಟದ ಜೊತೆ ಕುಡಿಯಿರಿ. ಇಡ್ಲಿ ಸಾಂಬಾರಿನಂಥ ಪ್ರೋಟೀನ್ ಕಡಿಮೆ ಇರುವ ತಿಂಡಿ ಜೊತೆಯಾದರೆ ಒಳ್ಳೆಯದು, ಉಳಿದ ಆರು ಅಲ್ಲಿಂದ ಬರುತ್ತವೆ, ಲ್ಯೂಸಿನ್ ಡಬ್ಬಿಯಿಂದ ಬರುತ್ತದೆ. ಮುಚ್ಚಳ ಬಿಗಿ ಮಾಡಿ ಇಡಿ, ಒದ್ದೆ ಸ್ಕೂಪ್ ಒಳಗೆ ಹಾಕಬೇಡಿ, ಇಲ್ಲದಿದ್ದರೆ ನನ್ನ ಹಾಗೆ ಚಮಚದ ಹಿಡಿ ಹುಡುಕಬೇಕಾಗುತ್ತದೆ. ಮುಗಿದ ಮೇಲೆ ತೊಳೆದಿಟ್ಟರೆ ಒಂದು ಕಿಲೋ ಹುರುಳಿಕಾಳು ಸಲೀಸಾಗಿ ಹಿಡಿಯುತ್ತದೆ. ನಮ್ಮನೆಯಲ್ಲಿ ಆ ಸ್ಕೂಪ್ ಈಗಲೂ ಅದರೊಳಗೇ ಇದೆ. ಮೂರು ಸ್ಕೂಪ್ ಹುರುಳಿ ನೆನೆಹಾಕಿದರೆ ನಾಲ್ಕು ಜನರ ಸಾರಿಗೆ ಸಾಕು.